ಮಗ್ಗಕ್ಕೆ ಮನೆ ನೋಡಲು ಮಂಗಳೂರಿಗೆ

ಹೆಣ್ಣು ಕೊಡುವ ಮೊದಲು ಮನೆ ನೋಡಿ ಬರಬೇಕು. ಇದು ರಬಕವಿಯ ಶೇವಂತಿಯ ಕಾನೂನು. ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕೊಡುವಾಗ ಆಕೆ ಒಮ್ಮೆ ಮುಧೋಳಕ್ಕೂ ಇನ್ನೊಮ್ಮೆ ಬೀಳಗಿಗೂ ಹೋಗಿ ಬೀಗರ ಮನೆಯ ಅಡುಗೆಮನೆ, ನೀರಿನ ಟಾಕಿ, ಹಿತ್ತಲು, ದನದ ಕೊಟ್ಟಿಗೆ ಎಲ್ಲವನ್ನೂ ಕಣ್ಣಾರೆ ನೋಡಿ ಬಂದಿದ್ದಳು. ಪಡಸಾಲೆಯನ್ನು ಮಾತ್ರ ಕಣ್ಣೆತ್ತಿ ನೋಡಿರಲಿಲ್ಲ. ಪಡಸಾಲೆಯನ್ನು ಯಾರಾದರೂ ಒಪ್ಪವಾಗಿಯೇ ಇಟ್ಟಿರುತ್ತಾರೆ, ಅದರಲ್ಲಿ ನೋಡುವುದೇನು ಎನ್ನುವುದು ಆಕೆಯ ವಾದ. ಹಾಗೆ ನೋಡಿ ಕೊಟ್ಟ ಇಬ್ಬರೂ ಇವತ್ತು ಸುಖವಾಗಿದ್ದಾರೆ. ಆದ್ದರಿಂದ ಅರವತ್ತಮೂರನೆಯ ವಯಸ್ಸಿನಲ್ಲಿ ತನ್ನ ಕುಣಿಮಗ್ಗವನ್ನು ಮಂಗಳೂರಿನ ಒಂದು ಹೋಟೆಲಿಗೆ ಕೊಡುವ ಮಾತು ಬಂದಾಗಲೂ ಶೇವಂತಿ ಅದೇ ಕಾನೂನು ಹಚ್ಚಿದಳು.

"ಮನಿ ನೋಡದ ಕೊಡಾಂಗಿಲ್ಲ."

ಮಗ ಮಲ್ಲಿನಾಥ ನಕ್ಕ. ಅವ್ವ ನಗುತ್ತಿಲ್ಲ ಎಂದು ಗೊತ್ತಾದ ಮೇಲೆ ಮೊಬೈಲು ತೆಗೆದು ಮಂಗಳೂರು ಬಸ್ಸಿನ ಟಿಕೀಟು ನೋಡತೊಡಗಿದ.

ಮಲ್ಲಿನಾಥ ಕೆಟ್ಟವನಲ್ಲ. ಬನಹಟ್ಟಿಯಲ್ಲಿ ಅವನದು ನಾಲ್ಕು ಪಾವರಲೂಮಿನ ಶೆಡ್ಡು. ಮನೆಯ ಮುಂದಿನ ಕೋಣೆಯಲ್ಲಿ ಮಾತ್ರ ಅವ್ವನ ಮಗ್ಗ ಇತ್ತು. ನೆಲದಲ್ಲಿ ಸೊಂಟದುದ್ದದ ಕುಣಿ, ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಎದೆಯ ಮುಂದೆ ಉದ್ದಕ್ಕೆ ಎಳೆದ ನೂಲಿನ ಹಾಸು. ಮದುವೆಯಾಗಿ ಬಂದ ವರ್ಷದಿಂದ ಶೇವಂತಿ ಆ ಕುಣಿಗೆ ಇಳಿದು ಹತ್ತಿದ್ದಾಳೆ. ಈಗ ಮೊಣಕಾಲು ಕೈಕೊಟ್ಟಿದ್ದವು. ಜಮಖಂಡಿಯ ಡಾಕ್ಟರು ಎಕ್ಸರೇ ಹಿಡಿದು, ಇನ್ನು ಕುಣಿಗೆ ಇಳಿಯುವುದು ಸಾಕು ಎಂದಿದ್ದರು. ಅದೇ ವಾರ ಕಾಮಣ್ಣ ಬಂದ. ಈ ಕಾಮಣ್ಣ ಊರೂರು ತಿರುಗಿ ಹಳೆಯ ಬಾಗಿಲು, ತೊಟ್ಟಿಲು, ಹಿತ್ತಾಳೆ ಹಂಡೆ ಹುಡುಕಿ ದೊಡ್ಡ ಹೋಟೆಲುಗಳಿಗೆ ಕೊಡಿಸುವ ದಲಾಲ. ಮಗ್ಗ ನೋಡಿದವನೇ ಕೈ ಜೋಡಿಸಿದ. ಮಗ್ಗ ಹೋದರೆ ಕುಣಿ ಮುಚ್ಚಿ ಟೈಲ್ಸ್ ಹಾಕಿಸಬಹುದು ಎಂದು ಮಲ್ಲಿನಾಥ ಲೆಕ್ಕ ಹಾಕಿದ. ಎಲ್ಲರಿಗೂ ಅನುಕೂಲವಾಗುವ ಮಾತು. ಶೇವಂತಿಯೂ ಹೂಂ ಅಂದಳು.

ಹೂಂ ಅಂದ ಮರುದಿನದಿಂದ ಆಕೆಗೆ ಬೆಳಗಾಗುವುದೇ ಬೇಡವಾಗಿತ್ತು. ಎದ್ದು ಚಹಾ ಕುಡಿದ ಮೇಲೆ ಏನು ಮಾಡಬೇಕು ಎನ್ನುವುದು ಗೊತ್ತಿರಲಿಲ್ಲ. ನಲವತ್ತಾರು ವರ್ಷ ಚಹಾ ಆದ ಮೇಲೆ ಲಾಳಿ ಹಿಡಿದ ಕೈಗಳು ಅವು. ಇದನ್ನು ಯಾರ ಮುಂದೆ ಹೇಳುವುದು? ಮೊಣಕಾಲು ನೋವು ಅಂದರೆ ಮುಲಾಮು ತರುತ್ತಾರೆ, ಇದಕ್ಕೆ ಏನು ತರುತ್ತಾರೆ?

ಆಕೆ ಒಪ್ಪಿದ್ದಕ್ಕೆ ಇನ್ನೊಂದು ಕಾರಣ ಪಕ್ಕದ ಮನೆಯ ಇಂದ್ರವ್ವ. ಎಪ್ಪತ್ತು ದಾಟಿದ ಇಂದ್ರವ್ವ ಎರಡು ವರ್ಷದ ಹಿಂದೆ ಇದೇ ಕಾಮಣ್ಣನ ಮೂಲಕ ತನ್ನ ಮಗ್ಗವನ್ನು ಇದೇ ಹೋಟೆಲಿಗೆ ಕೊಟ್ಟಿದ್ದಳು. ಆ ಮಗ್ಗದಲ್ಲಿ, ನೇಯ್ದ ಸೀರೆ ಸುತ್ತಿಕೊಳ್ಳುವ ದಿಂಡಿಗೆ ಸಾಲಾಗಿ ಐದು ಹಿತ್ತಾಳೆ ಮೊಳೆ ಇದ್ದವು. ಐವರು ಹೆಣ್ಣುಮಕ್ಕಳ ಮದುವೆ ಸೀರೆಯನ್ನು ತಾನೇ ನೇಯ್ದು, ಒಂದೊಂದು ಮದುವೆಗೂ ಒಂದೊಂದು ಮೊಳೆ ಹೊಡೆಸಿದ್ದಳು. ಈಗ ಆ ಮಗ್ಗ ಸಮುದ್ರದ ದಂಡೆಯ ದೊಡ್ಡ ಹೋಟೆಲಿನಲ್ಲಿ ದೀಪದ ಕೆಳಗೆ ಕೂತಿದೆ, ದೇಶವಿದೇಶದ ಮಂದಿ ಫೋಟೋ ತೆಗೆಸಿಕೊಳ್ಳುತ್ತಾರೆ ಎಂದು ಇಂದ್ರವ್ವ ತರಕಾರಿ ಮಾರುವವಳ ಮುಂದೆಯೂ ಹೇಳುತ್ತಿದ್ದಳು. ಮಗ್ಗ ಹೋಟೆಲಿಗೆ ಮುಟ್ಟಿದೆ ಎಂದು ಕಾಮಣ್ಣ ಹೇಳಿದ್ದು ಅಷ್ಟೆ. ಉಳಿದಿದ್ದನ್ನು ಆಕೆ ಎರಡು ವರ್ಷದಲ್ಲಿ ಸ್ವಲ್ಪ ಸ್ವಲ್ಪವೇ ಸೇರಿಸಿದ್ದಳು.

ಶೇವಂತಿ ಹೊರಡುವ ದಿನ ಇಂದ್ರವ್ವ ಒಂದು ಗಂಟು ತಂದು ಕೊಟ್ಟಳು. ಒಳಗೆ ಖಣ, ಅರಿಷಿಣ ಕುಂಕುಮ, ಕೊಬ್ಬರಿ ಬಟ್ಟಲು, ಐದು ಹಿಡಿ ಜೋಳ.

"ಆ ಹೋಟೆಲದಾಗಿನ ನನ್ನ ಮಗಳಿಗೆ ಉಡಿ ತುಂಬಿ ಬಾ ತಂಗಿ. ಕೊಟ್ಟ ಮ್ಯಾಲೆ ಒಂದಿನಾನೂ ನೋಡಾಕ ಹೋಗಿಲ್ಲ ನಾ."

"ತುಂಬತೇನಿ ಅಕ್ಕ. ಹೆಂಗದಾಳ ನೋಡಿ ಬಂದು ಹೇಳತೇನಿ."

ಒಂದು ಪೊಟ್ಟಣ ಸಕ್ಕರೆಯನ್ನೂ ಶೇವಂತಿ ಕಟ್ಟಿಕೊಂಡಳು. ಮಾತು ಗಟ್ಟಿಯಾದರೆ ಸಕ್ಕರೆ ಹಂಚಬೇಕಲ್ಲ. ಗಟ್ಟಿಯಾಗುವ ತನಕ ಗಂಡಿನ ಮನೆಯಲ್ಲಿ ನೀರು ಕುಡಿಯಬಹುದು, ಉಣ್ಣಬಾರದು. ಅದೂ ಆಕೆಯ ಕಾನೂನೇ. ಗಂಡಿನ ಮನೆಯೇ ಹೋಟೆಲಾದರೆ ಏನು ಮಾಡಬೇಕು ಎಂದು ಸೊಸೆ ಪೂರ್ಣಿಮಾ ಕೇಳಿದ್ದಳು. ಅತ್ತೆ ಸಕ್ಕರೆ ಪೊಟ್ಟಣಕ್ಕೆ ಇನ್ನೊಂದು ಗಂಟು ಹಾಕಿದಳು.

ಮಲ್ಲಿನಾಥ ಇದನ್ನು ಪ್ರವಾಸ ಎಂದುಕೊಂಡಿದ್ದ. ಪೂರ್ಣಿಮಾ ಮೊಬೈಲಿನಲ್ಲಿ ನೋಡಬೇಕಾದ ಜಾಗ, ತಿನ್ನಬೇಕಾದ ತಿನಿಸಿನ ಪಟ್ಟಿ ಮಾಡಿಕೊಂಡಿದ್ದಳು. ಆಕೆಯ ತಮ್ಮ ಬಾಳು ಮಹಾಲಿಂಗಪುರದಿಂದ ಮಂಗಳೂರಿನ ಬಂದರಿಗೆ ಬೆಲ್ಲದ ಲಾರಿ ಓಡಿಸುತ್ತಾನೆ. ಮಾತು ಮುಗಿದರೆ ಮುಂದಿನ ಖೇಪಿನಲ್ಲಿ ಮಗ್ಗವನ್ನು ಬೆಲ್ಲದ ಜೊತೆಗೆ ತಂದು ಇಳಿಸುವುದು ಎಂದು ನಿಶ್ಚಯವಾಗಿತ್ತು. ಹೀಗೆ ಅವ್ವ, ಮಗ, ಸೊಸೆ ಮೂವರೂ ಮೂರು ಬೇರೆ ಬೇರೆ ಕೆಲಸಕ್ಕೆ ಒಂದೇ ಬಸ್ಸು ಹತ್ತಿದರು.

ಮಂಗಳೂರಿನಲ್ಲಿ ಇಳಿದಾಗ ಬೆಳಗಿನ ಏಳು ಗಂಟೆ, ಆಗಲೇ ಮೈ ಬೆವರಲು ಶುರುವಾಗಿತ್ತು. ಲಾಡ್ಜಿನಲ್ಲಿ ಸ್ನಾನ ಮಾಡಿದರೆ ಮೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಬೆವರು. ಒಗೆದು ಹಾಕಿದ ಸೀರೆ ಮಧ್ಯಾಹ್ನವಾದರೂ ಒಣಗಲಿಲ್ಲ. ಅದನ್ನು ಶೇವಂತಿ ಗಮನಿಸಿದಳು. ಕೋಣೆಯ ಕಿಟಕಿಯ ಕಬ್ಬಿಣದ ಸರಳು ಮುಟ್ಟಿ ನೋಡಿ, ಬೆರಳಿಗೆ ಹತ್ತಿದ ತುಕ್ಕನ್ನೂ ಗಮನಿಸಿದಳು.

"ಇಲ್ಲಿ ಗಾಳ್ಯಾಗ ಉಪ್ಪ ಐತಿ," ಅಂದಳು.

"ಅತ್ತಿ, ಬರ್ರಿ. ಮೊದಲ ಬನ್ಸ್ ತಿನ್ನೂಣು," ಅಂದಳು ಪೂರ್ಣಿಮಾ.

ಬನ್ಸ್ ಅಂದರೆ ಬೇಕರಿಯ ಬನ್ನಲ್ಲ, ಬಾಳೆಹಣ್ಣು ಕಲಸಿ ಕರಿದ ಪೂರಿ ಎಂದು ತಿಳಿದು ಮಲ್ಲಿನಾಥ ನಾಲ್ಕು ತಿಂದ. ಸುಲ್ತಾನ್ ಬತ್ತೇರಿಯ ಕಪ್ಪು ಕಲ್ಲಿನ ಕಾವಲು ಗೋಪುರ ಹತ್ತಿದರು. ಹತ್ತಲಾರದ ಶೇವಂತಿ ಕೆಳಗೆ ಕೂತು ಎಳನೀರು ಕುಡಿದಳು. ಅಲ್ಲಿಂದ ಹೊಳೆ ದಾಟಿ ತಣ್ಣೀರುಬಾವಿಯ ದಂಡೆಗೆ ಹೋದರು. ಸಮುದ್ರದ ಮುಂದೆ ನಿಂತು ಶೇವಂತಿ ಈ ತುದಿಯಿಂದ ಆ ತುದಿಯ ತನಕ ಕಣ್ಣಾಡಿಸಿದಳು. ಆಕೆ ನೋಡಿದ ಅತಿ ದೊಡ್ಡ ನೀರೆಂದರೆ ಹಿಪ್ಪರಗಿ ಬ್ಯಾರೇಜಿನ ಹಿಂದೆ ನಿಂತ ಕೃಷ್ಣೆ.

"ಇದಕ್ಕ ಗೇಟ್ ಎಲ್ಲೈತೋ?" ಎಂದು ಕೊನೆಗೆ ಮಗನನ್ನು ಕೇಳಿದಳು.

ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನಲ್ಲಿ ಗೋಡೆ, ಕಮಾನು, ಛಾವಣಿ ಎಲ್ಲೆಲ್ಲೂ ಚಿತ್ರ. ಎಲ್ಲರೂ ಕತ್ತೆತ್ತಿ ಸಂತರ ಮುಖ ನೋಡುತ್ತಿದ್ದರೆ ಶೇವಂತಿ ಅವರ ಬಟ್ಟೆಯ ನೆರಿಗೆ ನೋಡಿದಳು. ಕೆಲವು ಚಿತ್ರಗಳನ್ನು ಬಟ್ಟೆಯ ಮೇಲೆಯೇ ಬರೆದು ಅಂಟಿಸಿದ್ದಾರೆ ಎಂದು ಅಲ್ಲಿದ್ದವರೊಬ್ಬರು ಹೇಳಿದಾಗ ಆಕೆಗೆ ಒಂದೇ ಅನುಮಾನ.

"ಬಟ್ಟಿ ನೇದವರು ಯಾರ್ರಿ?"

ಅದು ಅವರಿಗೆ ಗೊತ್ತಿರಲಿಲ್ಲ. ಬರೆದವನ ಹೆಸರು ಗೊತ್ತಿತ್ತು, ಊರು ಗೊತ್ತಿತ್ತು. ನೇಯ್ದವನ ಹೆಸರು ಯಾರೂ ಇಟ್ಟುಕೊಂಡಿರಲಿಲ್ಲ. ಶೇವಂತಿಗೆ ಇದು ಸರಿ ಕಾಣಲಿಲ್ಲ. ಸಂಜೆ ಎತ್ತರದ ಗಾಜಿನ ಲೋಟದಲ್ಲಿ ಮೂರು ಬಣ್ಣದ ಐಸ್‌ಕ್ರೀಮು, ಜೆಲ್ಲಿ, ಹಣ್ಣು, ಗೋಡಂಬಿ ತುಂಬಿದ ಗಡಬಡ್ ತಿನ್ನುವವರೆಗೂ ಆ ಮಾತನ್ನೇ ಆಡುತ್ತಿದ್ದಳು. ಗಡಬಡ್ ಬಂದ ಮೇಲೆ ಬಿಟ್ಟಳು.

ಮರುದಿನ ಮಧ್ಯಾಹ್ನ ಹೋಟೆಲಿಗೆ ಹೊರಟರು. ಹಳೆಯ ಬಂದರಿನ ಓಣಿಯಲ್ಲಿ, ಹಿಂದೊಮ್ಮೆ ಅಡಿಕೆ ಮೂಟೆ ತುಂಬುತ್ತಿದ್ದ ಹಂಚಿನ ಗೋದಾಮನ್ನು ತಿದ್ದಿ ತೀಡಿ ಹೋಟೆಲು ಮಾಡಿದ್ದರು. ಹೆಸರು 'ಹಂಚಿನಂಗಳ'. ಶುದ್ಧ ಸಸ್ಯಾಹಾರಿ, ಅದನ್ನು ಶೇವಂತಿ ಫೋನಿನಲ್ಲಿಯೇ ಮೂರು ಸಲ ಕೇಳಿಸಿ ಖಾತ್ರಿ ಮಾಡಿಕೊಂಡಿದ್ದಳು. ಒಳಗೆ ಹಳೆಯ ಗಡಿಯಾರ, ಕೆಂಪು ಗಾರೆ ನೆಲ, ತಣ್ಣನೆಯ ಎಸಿ. ಬಾಗಿಲಲ್ಲೇ ಬಂದು ಕರೆದುಕೊಂಡವನು ಮಾಲೀಕ ನವೀನ, ನಲವತ್ತರ ಆಸುಪಾಸಿನ ನಗುಮುಖದವನು.

"ಬನ್ನಿ ಅಮ್ಮ, ಕೂತ್ಕೊಳ್ಳಿ. ಬಿಸಿಲಿಗೆ ಎಂತ ಕುಡೀತೀರಿ? ಪುನರ್ಪುಳಿ ಶರಬತ್ತು ಉಂಟು."

"ನೀರು ಸಾಕ್ರಿ," ಅಂದು ಶೇವಂತಿ ಸೆರಗು ಹೊದ್ದು ಕೂತಳು. "ಮನ್ಯಾಗ ಎಷ್ಟ ಮಂದಿ ಅದೀರಿ?"

"ಇಲ್ಲಿಯಾ? ಅಡುಗೆಯವರು, ಬಡಿಸುವವರು ಸೇರಿ ಹದಿನೆಂಟು ಜನ."

"ಸ್ವಂತ ಮನಿಯೋ, ಬಾಡಗಿಯೋ?"

"ಲೀಸಿಗೆ ತಗೊಂಡದ್ದು ಅಮ್ಮ. ಹತ್ತು ವರ್ಷಕ್ಕೆ."

"ಹತ್ತ ವರ್ಷ ಆದ ಮ್ಯಾಲೆ ಆಕಿ ಎಲ್ಲಿ ಇರಬೇಕು?"

"ಯಾರು?" ಅಂದ ನವೀನ.

ಮಲ್ಲಿನಾಥ ಕೆಮ್ಮಿದ. ಪೂರ್ಣಿಮಾ ಮೆನು ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿದಳು. ನವೀನನಿಗೆ ವಿಷಯ ತಿಳಿಸಿ ಹೇಳುವಷ್ಟರಲ್ಲಿ ಮಲ್ಲಿನಾಥನ ಕಿವಿ ಕೆಂಪಾಗಿದ್ದವು. ನವೀನ ಮಾತ್ರ ಬೇಸರಿಸಲಿಲ್ಲ. ಅಮ್ಮನ ಮಗ್ಗವನ್ನು ಬಾಗಿಲಿಗೆ ಎದುರಾಗಿ, ಎಲ್ಲರ ಕಣ್ಣಿಗೆ ಬೀಳುವಂತೆ ಇಡುವುದಾಗಿ ಹೇಳಿ ಜಾಗ ತೋರಿಸಿದ. ಜಾಗ ಒಳ್ಳೆಯದೇ ಇತ್ತು. ಶೇವಂತಿ ಸುತ್ತ ಕಣ್ಣಾಡಿಸಿದಳು.

"ಇಂದ್ರಕ್ಕನ ಮಗ್ಗ ಎಲ್ಲೈತ್ರಿ? ಎರಡ ವರ್ಷದ ಹಿಂದ ಬಂದೈತಲ್ಲ. ಉಡಿ ತುಂಬಬೇಕು."

ನವೀನ ಕೌಂಟರಿನ ಕಡೆ ನೋಡಿದ. ಕೌಂಟರಿನಲ್ಲಿದ್ದವನು ಬಿಲ್ಲಿನ ಯಂತ್ರದ ಕಡೆ ನೋಡಿದ.

"ಅದು ಉಂಟು ಅಮ್ಮ. ಒಳಗೆ ಉಂಟು. ಮೊದಲು ಊಟ ಮಾಡಿ, ಆಮೇಲೆ ನೋಡುವ ಆಯ್ತಾ."

ಊಟ ಬಂದೇ ಬಿಟ್ಟಿತು. ಬಾಳೆ ಎಲೆಯ ಮೇಲೆ ನೀರುದೋಸೆ, ಕಾಯಿಹಾಲು ಬೆಲ್ಲ, ಕೆಸುವಿನೆಲೆಯ ಪತ್ರೊಡೆ, ಸೌತೆಕಾಯಿ ಸಾಂಬಾರು, ಕುಚ್ಚಲಕ್ಕಿ ಅನ್ನ. ಮಲ್ಲಿನಾಥನ ಕೈ ದೋಸೆಯ ತನಕ ಹೋಯಿತು. ಅವ್ವನ ಕಣ್ಣು ನೋಡಿ ಅಲ್ಲಿಂದಲೇ ಹಿಂದೆ ಬಂತು. ಪೂರ್ಣಿಮಾ ಫೋಟೋ ತೆಗೆದಳು, ನೋಡುವುದಕ್ಕೆ ಅಡ್ಡಿ ಇರಲಿಲ್ಲ.

"ಕೈ ತೊಳಕೊಂಡು ಬರತೇನಿ," ಎಂದು ಶೇವಂತಿ ಎದ್ದಳು. ಕೈ ತೊಳೆಯುವ ಬೇಸಿನ್ನು ಎಡಕ್ಕಿತ್ತು. ಆಕೆ ಬಲಕ್ಕೆ ತಿರುಗಿ ಅಡುಗೆಮನೆ ಹೊಕ್ಕಳು. ಅಡುಗೆಮನೆ ಸ್ವಚ್ಛವಾಗಿತ್ತು. ಬಳಸಲು ನೀರು ಬೇಕಾದಷ್ಟಿತ್ತು. ಪಾತ್ರೆ ತಿಕ್ಕುತ್ತಿದ್ದ ಹೆಂಗಸು ಯಾರು ನೀವು ಎಂದು ಕೇಳುವುದರೊಳಗೆ ಹಿಂಬಾಗಿಲು ತೆರೆದು ಹಿತ್ತಲಿಗೆ ಇಳಿದಿದ್ದಳು.

ತೆಂಗಿನ ಮರದ ಬುಡದಲ್ಲಿ ಖಾಲಿ ಗ್ಯಾಸ್ ಸಿಲಿಂಡರು, ಸೋಡಾ ಬಾಟಲಿಯ ಟ್ರೇಗಳು, ಹರಿದ ನೀಲಿ ತಾಡಪತ್ರಿ. ತಾಡಪತ್ರಿಯ ಕೆಳಗಿಂದ ನಾಲ್ಕು ಕಟ್ಟಿಗೆ ಹೊರಗೆ ಚಾಚಿದ್ದವು, ಅವುಗಳ ಮೇಲೆ ನೆಲ ಒರೆಸುವ ಬಟ್ಟೆ ಒಣಹಾಕಿದ್ದರು. ಶೇವಂತಿ ಬಟ್ಟೆ ಸರಿಸಿದಳು. ಕಟ್ಟಿಗೆಗೆ ಪಾಚಿ ಹಿಡಿದಿತ್ತು. ಒಂದು ಕಂಬವನ್ನು ಗೆದ್ದಲು ಅರ್ಧ ತಿಂದಿತ್ತು. ದಿಂಡಿನ ಮೇಲೆ ಬೆರಳಾಡಿಸಿದಾಗ ಉಬ್ಬಿದ್ದು ಸಿಕ್ಕಿತು. ಉಗುರಿನಿಂದ ಹಸಿರು ಕಿಲುಬು ಕೆರೆದಳು. ಒಂದು, ಎರಡು, ಮೂರು, ನಾಲ್ಕು, ಐದು ಮೊಳೆ.

ಮೊದಲು ಬಂದದ್ದು ಸಿಟ್ಟು. ಆಮೇಲೆ ನಾಚಿಕೆಯಾಯಿತು. ತರಕಾರಿಯವಳ ಮುಂದೆ ಇಂದ್ರವ್ವ ದೀಪ, ಫೋಟೋ ಎಂದು ಹೇಳುವಾಗ ತಾನೂ ಪಕ್ಕದಲ್ಲಿ ನಿಂತು ತಲೆ ಆಡಿಸಿರಲಿಲ್ಲವೇ? ಒಂದು ಸಲವಾದರೂ ಯಾರಾದರೂ ಬಂದು ನೋಡಬಾರದಿತ್ತೇ? ತನ್ನ ಮಗ್ಗವೂ ನಾಳೆ ಇದೇ ಮರದ ಬುಡಕ್ಕೆ ಬರುವುದಿತ್ತು ಎನ್ನುವುದು ಆಕೆಗೆ ಕೊನೆಗೆ ಹೊಳೆಯಿತು. ಅಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು.

ನವೀನ ಓಡಿ ಬಂದ, ಹಿಂದೆಯೇ ಮಗ, ಸೊಸೆ.

"ಎಸಿ ಹಾಕಿಸುವಾಗ ಜಾಗ ಸಾಲಲಿಲ್ಲ ಅಮ್ಮ. ಎರಡು ತಿಂಗಳು ಅಂತ ಹೊರಗೆ ಇಟ್ಟದ್ದು," ಅಂದ ನವೀನ. ಸುಳ್ಳು ಹೇಳುವ ಸ್ವಭಾವ ಅವನದಲ್ಲ. "ಎರಡು ಮಳೆಗಾಲ ಹೋಯ್ತು. ತಪ್ಪಾಯ್ತು. ನಿಮ್ಮದನ್ನು ಹಾಗೆ ಮಾಡುದಿಲ್ಲ, ಮಾತು ಕೊಡ್ತೇನೆ."

ಶೇವಂತಿ ಸೆರಗಿನಿಂದ ಮೊಳೆ ಒರೆಸುತ್ತಿದ್ದಳು. ದನಿ ಏರಿಸಲಿಲ್ಲ.

"ಮೊದಲನೇ ಹೆಂಡತಿ ಹಿತ್ತಲದಾಗ ಕುಂತಾಳ್ರಿ. ಎರಡನೇದಾಕಿಗೆ ಮಾತು ಕೊಡಾಕತ್ತೀರಿ."

ಪಾತ್ರೆ ತಿಕ್ಕುವ ಹೆಂಗಸು ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಅಡ್ಡ ಹಿಡಿದಳು. ನವೀನ ತಲೆ ತಗ್ಗಿಸಿದ.

"ನನ್ನ ಮಗ್ಗ ಕೊಡಂಗಿಲ್ರಿ," ಅಂದಳು ಶೇವಂತಿ. "ಈಕೀನೂ ಕರಕೊಂಡು ಹೋಗತೇನಿ."

"ಅವ್ವಾ, ಹಾಳಾದ ಕಟಗಿ ಅದು," ಅಂದ ಮಲ್ಲಿನಾಥ. "ಇರೂದನ್ನ ಕಳಸಾಕ ಬಂದು ಇನ್ನೊಂದು ಒಯ್ಯೂದೇನು? ಟೈಲ್ಸಿನವನಿಗೆ ಹೇಳೇನಿ. ಡಾಕ್ಟರು ಬ್ಯಾರೆ ಕುಣಿಗೆ ಇಳೀಬ್ಯಾಡ ಅಂದಾರ."

"ಮೊಣಕಾಲು ಡಾಕ್ಟರವಲ್ಲ, ನನ್ನವು. ಇಳಿದ್ರ ಮೊಣಕಾಲು ನೋಯ್ತಾವು. ಇಳೀದಿದ್ರ ನಾ ಪೂರ್ತಿ ನೋಯ್ತೇನಿ. ಒಂದ ತಿಂಗಳಾತು, ಮುಂಜಾನೆ ಎದ್ದು ಏನ್ ಮಾಡ್ಲಿ ಅಂತ ಗೋಡಿ ನೋಡಕೊಂತ ಕುಂದರತೇನಿ. ಹೇಳಿದ್ದಿಲ್ಲ, ಈಗ ಹೇಳೇನಿ."

ಮಲ್ಲಿನಾಥ ಅವ್ವ ಮೊಳೆ ಒರೆಸುವುದನ್ನು ನೋಡಿದ. ಆಮೇಲೆ ಅಂಗಿಯ ತೋಳು ಮಡಚಿ, ಬೆಣೆಗಳನ್ನು ಒಂದೊಂದಾಗಿ ಬಡಿದು ಸಡಿಲಿಸತೊಡಗಿದ. ಚಿಕ್ಕವನಿದ್ದಾಗ ಅಪ್ಪನ ಜೊತೆ ಮಾಡಿದ ಕೆಲಸ. ಯಾವ ಬೆಣೆ ಮೊದಲು, ಯಾವುದು ಆಮೇಲೆ ಎಂದು ಕೈಗೆ ಇನ್ನೂ ನೆನಪಿತ್ತು. ಪೂರ್ಣಿಮಾ ತಮ್ಮನಿಗೆ ಫೋನು ಹಚ್ಚಿದಳು. ಬಾಳು ಎರಡು ಓಣಿ ಆಚೆ ಬೆಲ್ಲ ಇಳಿಸುತ್ತಿದ್ದ, ಖಾಲಿ ಲಾರಿ ಸಂಜೆಗೆ ವಾಪಸು ಹೊರಡುವುದಿತ್ತು.

ಗಂಟು ಬಿಚ್ಚಿ ಶೇವಂತಿ ದಿಂಡಿಗೆ ಅರಿಷಿಣ ಕುಂಕುಮ ಹಚ್ಚಿದಳು. ಖಣ ಹೊದಿಸಿ, ಕೊಬ್ಬರಿ ಬಟ್ಟಲು ಇಟ್ಟು, ಐದು ಹಿಡಿ ಜೋಳ ಹಾಕಿ ಉಡಿ ತುಂಬಿದಳು. ಮನೆ ಬಿಟ್ಟು ಹೊರಡುವವಳನ್ನು ಬರಿ ಉಡಿಯಲ್ಲಿ ಕಳಿಸಬಾರದು. ನವೀನ ಒಳಗೆ ಹೋಗಿ ಒಂದು ತೆಂಗಿನಕಾಯಿ ತಂದು, ಕೇಳುವವನಂತೆ ನಿಂತ. ಆಕೆ ಇಸಿದುಕೊಂಡು ಅದನ್ನೂ ಉಡಿಗೆ ಹಾಕಿದಳು.

"ಊಟ ಮಾಡಿ ಹೋಗಿ ಅಮ್ಮ. ಇಲ್ಲದಿದ್ರೆ ನಂಗೆ ಬೇಜಾರಾಗ್ತದೆ."

ಮಲ್ಲಿನಾಥ ಬೆಣೆ ಬಡಿಯುವುದನ್ನು ನಿಲ್ಲಿಸಿ ಅವ್ವನ ಕಡೆ ನೋಡಿದ. ಶೇವಂತಿ ಸೆರಗು ಸರಿಮಾಡಿಕೊಂಡಳು.

"ಕೊಡಾಕ ಬಂದವರು ಉಣಬಾರದು," ಅಂದಳು. "ಕರಕೊಂಡು ಹೋಗಾಕ ಬಂದವರು ಉಣಬಹುದು."

ಹೀಗೆ ಮೂವರೂ ಕೂತು ಉಂಡರು. ನೀರುದೋಸೆಯನ್ನು ಶೇವಂತಿ ಎತ್ತಿ ಬೆಳಕಿಗೆ ಹಿಡಿದು, ನೂರು ನಂಬರಿನ ಸಣ್ಣ ನೂಲು ಇದ್ದ ಹಾಗಿದೆ ಎಂದಳು. ನೇಕಾರರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಎರಡನೆಯ ಸಲ ಪತ್ರೊಡೆ ಕೇಳಿ ಹಾಕಿಸಿಕೊಂಡಳು. ಸಕ್ಕರೆ ಪೊಟ್ಟಣ ಮಾತ್ರ ಬಿಚ್ಚಲಿಲ್ಲ. ಕರಾವಳಿಯ ಗಾಳಿಗೆ ಅದು ಆಗಲೇ ಒದ್ದೆಯಾಗಿ ಗಟ್ಟಿಗಟ್ಟಿಯಾಗಿತ್ತು.

ಬಸ್ಸಿನಲ್ಲಿ ಹಿಂದಿರುಗುವಾಗ ಆಕೆಗೆ ನಿದ್ದೆ ಹತ್ತಲಿಲ್ಲ. ತನ್ನ ಮಗ್ಗ ಉಳಿಯಿತು, ಅದರ ಚಿಂತೆ ಇಲ್ಲ. ಇಂದ್ರವ್ವನಿಗೆ ಏನು ಹೇಳುವುದು? ಖರೆ ಹೇಳಿದರೆ ಮುದುಕಿಯ ಎರಡು ವರ್ಷದ ಸಂತೋಷ ಒಂದು ಮಾತಿನಲ್ಲಿ ಮುಗಿಯುತ್ತದೆ. ಹುಬ್ಬಳ್ಳಿ ದಾಟುವ ಹೊತ್ತಿಗೆ ಒಂದು ಸುಳ್ಳನ್ನು ಕಟ್ಟಿದಳು. ಮುಧೋಳ ಬರುವ ತನಕ ಅದನ್ನು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿ ನೋಡಿದಳು.

ಲಾರಿ ಓಣಿಗೆ ಬಂದಾಗ ಇಂದ್ರವ್ವ ಕೋಲೂರಿ ಹೊರಗೆ ಬಂದಳು. ಮಲ್ಲಿನಾಥ, ಬಾಳು ಸೇರಿ ದಿಂಡನ್ನು ಇಳಿಸುತ್ತಿದ್ದರು. ಮೇಲಿನ ಖಣ ಮುದುಕಿಗೆ ಗುರುತು ಸಿಕ್ಕಿತು. ಹತ್ತಿರ ಬಂದು ಕೈಯಾಡಿಸಿದಳು, ಮೊಳೆ ಮುಟ್ಟಿದಳು.

"ಹೋಟೆಲದಾಗ ಭಾಳ ಛಲೋ ಇಟ್ಟಿದ್ರು ಅಕ್ಕ," ಅಂದಳು ಶೇವಂತಿ ಗಡಿಬಿಡಿಯಿಂದ. "ದೀಪಾ, ಫೋಟೋ, ಎಲ್ಲಾ ನೀ ಹೇಳಿದಂಗನ. ತವರು ನೆನಪಾಗಿರಬೇಕು ಅಂತಂದು, ನಾಕ ದಿನ ಇದ್ದು ಬರಲಿ ಅಂತ ಕಳಿಸಿಕೊಟ್ರು."

ಇಂದ್ರವ್ವ ಪಾಚಿಯ ಮೇಲೆ ಬೆರಳಿಟ್ಟಳು. ಗೆದ್ದಲು ತಿಂದ ಕಂಬವನ್ನು ನೋಡಿದಳು. ಶೇವಂತಿಯ ಮುಖ ನೋಡಿದಳು. ಓಣಿಯ ನಾಲ್ಕಾರು ಮಂದಿ ಅಲ್ಲಿ ನಿಂತಿದ್ದರು.

"ಹಂಗಾರ ಬಾಗಲದಾಗ ಯಾಕ ನಿಂದರಸೀರಿ?" ಅಂದಳು. "ಒಳಗ ತಗೊಂಡು ನಡೀರಿ."

ಇಂದ್ರವ್ವನ ಮನೆಯ ಕುಣಿ ಎಂದೋ ಮುಚ್ಚಿತ್ತು. ಆದ್ದರಿಂದ ಅದನ್ನು ಶೇವಂತಿಯ ಮುಂದಿನ ಕೋಣೆಯಲ್ಲಿ, ಆಕೆಯ ಮಗ್ಗದ ಪಕ್ಕದಲ್ಲಿಯೇ ಇಳಿಸಿದರು. ಟೈಲ್ಸಿನವನಿಗೆ ಮಲ್ಲಿನಾಥ ಫೋನು ಮಾಡಿ, ಸದ್ಯಕ್ಕೆ ಬೇಡ ಅಂದ. ಇಂದ್ರವ್ವ ಪೂರ್ಣಿಮಾಳಿಂದ ಒಂದು ಬಟ್ಟಲು ಎಣ್ಣೆ ಬಿಸಿ ಮಾಡಿಸಿಕೊಂಡಳು. ನೆಲದ ಮೇಲೆ ಕೂತು, ಒಡೆದ ಕಟ್ಟಿಗೆಗೆ ಹಳೆಯ ಸೀರೆಯ ತುಂಡಿನಿಂದ ಎಣ್ಣೆ ತಿಕ್ಕತೊಡಗಿದಳು, ಬಾಣಂತನಕ್ಕೆ ಬಂದ ಮಗಳಿಗೆ ತಿಕ್ಕುವ ಹಾಗೆ. ಶೇವಂತಿ ಗೋಡೆ ಹಿಡಿದು, ಹಲ್ಲು ಕಚ್ಚಿ ತನ್ನ ಕುಣಿಗೆ ಇಳಿದಳು. ಲಾಳಿ ಕೈಗೆ ತಗೊಂಡಳು.

ಲಾಳಿ ಹತ್ತು ಸಲ ಆಚೆ ಈಚೆ ಹೋಗಿ ಬರುವಷ್ಟರಲ್ಲಿ ಇಂದ್ರವ್ವ ಒಂದು ಕಂಬ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದಳು.

"ನಾಕ ದಿನಾ ಅಂದಿಯಲ್ಲ ತಂಗಿ," ಅಂದಳು ಇಂದ್ರವ್ವ, ತಲೆ ಎತ್ತದೆ. "ಎಂದ ಕಳಸತೇವಿ ಅಂತ ಅವರಿಗೆ ಹೇಳಿ ಬಂದಿಲ್ಲ ಹೌದಲ್ಲೋ?"

"ಇಲ್ಲಕ್ಕ. ಹೇಳಿಲ್ಲ."

"ಛಲೋ ಆತು," ಅಂದು ಇಂದ್ರವ್ವ ಇನ್ನಷ್ಟು ಎಣ್ಣೆ ಸುರಿದುಕೊಂಡಳು.